ಅತ್ತೆ ಹಿಂದೆ, ಅಳಿಯ ಮುಂದೆ

ಡೆಸ್ಮಂಡನ ತಲೆಯ ಮೇಲೆ ಆ ಟೋಪಿ ಬಂದು ಕೂತದ್ದು ಶನಿವಾರ. ಮಂಗಳವಾರದ ಹೊತ್ತಿಗೆ ಬ್ರೋಲ್ಗಾ ಹಳ್ಳದ ಕೇರಿಯಲ್ಲಿ ಅದನ್ನು ನೋಡಿ ನಗದೆ ಉಳಿದವರು ಇಬ್ಬರೇ. ಒಬ್ಬ ಡೆಸ್ಮಂಡ್, ಇನ್ನೊಂದು ಕೇರಿಯ ನಾಯಿ ಸಾರ್ಜೆಂಟ್. ಡಾರ್ವಿನ್ ಪೇಟೆಯಿಂದ ತರಿಸಿದ ಟೋಪಿ ಅದು. ಮೊರದಷ್ಟು ಅಗಲದ ಅಂಚು, ಸುತ್ತಲೂ ಮೊಸಳೆ ಹಲ್ಲಿನ ಸರ. ಹತ್ತಿರದಿಂದ ನೋಡಿದವರು ಹೇಳುವ ಪ್ರಕಾರ ಆ ಮೊಸಳೆಗೆ ಬದುಕಿದ್ದಾಗಲೂ ಅಷ್ಟು ಹಲ್ಲು ಇದ್ದಿರಲಾರದು.

"ಏನ್ ಭಾವ, ಟೋಪೀನ ನೀನು ಹಾಕ್ಕೊಂಡಿದೀಯೋ, ಅದೇ ನಿನ್ನ ನುಂಗ್ತಾ ಇದ್ಯೋ?" ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಅವನ ಭಾಮೈದ ಕ್ಲೆಮ್ ಕೇಳಿದ.

"ಗೈಡ್ ಅಂದ್ಮೇಲೆ ಟೋಪಿ ಬೇಕು ಕಣೋ. ಗೈಡ್ ಯಾರು ಅಂತ ಬಂದೋರಿಗೆ ದೂರದಿಂದ್ಲೇ ಗೊತ್ತಾಗ್ಬೇಕು."

"ನೀನಿನ್ನೂ ಗೈಡ್ ಆಗಿಲ್ವಲ್ಲ."

"ಆದ ಹಾಗೇನೇ."

ಈ 'ಆದ ಹಾಗೇನೇ' ಎಂಬುದರ ಮೇಲೆಯೇ ಡೆಸ್ಮಂಡ್ ಮೂರು ವಾರದಿಂದ ಬದುಕಿದ್ದ. ಬ್ರೋಲ್ಗಾ ಹಳ್ಳದ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗಳನ್ನು ಕಾಲ್ನಡಿಗೆಯಲ್ಲಿ ಕರೆದೊಯ್ದು ಗಿಡ, ಬಂಡೆ, ಚಿತ್ರ, ನೀರು ಎಲ್ಲವನ್ನೂ ತೋರಿಸುವ ಕೆಲಸ ಆ ಕಲ್ಲುಸೀಮೆಯ ಮೂಲನಿವಾಸಿ ಜನರದ್ದು. ಮೂವತ್ತು ವರ್ಷ ಅದನ್ನು ಮಾಡಿದವರು ಡೆಸ್ಮಂಡನ ಹೆಂಡತಿ ವಿಲ್ಮಾಳ ಸೋದರಮಾವ ರೂಪರ್ಟ್. ಈಗ ಅವರ ಮಂಡಿ ಕೈಕೊಟ್ಟಿತ್ತು. ಮುಂದೆ ಯಾರು ಎಂದಾಗ ರೂಪರ್ಟ್ ಮಾವ ಎಲ್ಲರನ್ನೂ ಬಿಟ್ಟು ಡೆಸ್ಮಂಡನ ಕಡೆ ಗಲ್ಲ ಎತ್ತಿ ತೋರಿಸಿದ್ದರು. ತೋರಿಸಿದ್ದೇ ತಡ, ಇವನು ಟೋಪಿಗೆ ಹೇಳಿಕಳಿಸಿದ್ದ.

ತೊಡಕು ಏನೆಂದರೆ ಡೆಸ್ಮಂಡ್ ಈ ಸೀಮೆಯವನೇ ಅಲ್ಲ. ಕಡಲ ಕಡೆಯವನು, ಉಪ್ಪುನೀರಿನ ಜನ. ಇಪ್ಪತ್ತೆರಡು ವರ್ಷದ ಹಿಂದೆ ಮನೆಅಳಿಯನಾಗಿ ಬಂದು, ಉದ್ಯಾನದ ಮಣ್ಣುರಸ್ತೆ ಸಮ ಮಾಡುವ ಯಂತ್ರದ ಮೇಲೆ ಕೂತವನು ಇನ್ನೂ ಇಳಿದಿರಲಿಲ್ಲ. ಸೀಮೆಯ ಒಂದೊಂದು ಕಲ್ಲೂ ಅವನಿಗೆ ಗೊತ್ತು. ಆದರೆ ಕಲ್ಲಿಗೆ ಅವನು ಗೊತ್ತೇ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ, ಅವನೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳದೆ ಉಳಿದ ಆ ಪ್ರಶ್ನೆ ಅವನೊಳಗೆ ಇಪ್ಪತ್ತೆರಡು ವರ್ಷದಿಂದ ನೋಯುತ್ತಿತ್ತು ಎಂದು ವಿಲ್ಮಾಗೆ ಮಾತ್ರ ತಿಳಿದಿತ್ತು.

ಹಾಗಾಗಿ ಮಂಗಳವಾರ ಪರೀಕ್ಷೆಯ ನಡಿಗೆ. ಉದ್ಯಾನದ ಕಚೇರಿಯಿಂದ ಒಬ್ಬ ಅಧಿಕಾರಿ ನೋಡುತ್ತಾರೆ, ಸೀಮೆಯ ಹಿರಿಯರೊಬ್ಬರು ಜೊತೆಗೆ ನಡೆದು ತಮ್ಮ ಮಾತು ಹೇಳುತ್ತಾರೆ. ಹಿರಿಯರು ಎಂದರೆ ರೂಪರ್ಟ್ ಮಾವ ತಾನೆ, ಮನೆಯವರೇ ಎಂದು ಡೆಸ್ಮಂಡ್ ನಿಶ್ಚಿಂತನಾಗಿದ್ದ. ಭಾನುವಾರ ರೂಪರ್ಟ್ ಮಾವನ ಮಂಡಿ ಕುಂಬಳಕಾಯಿಯಾಗಿ ಊದಿಕೊಂಡಿತು. ಅವರನ್ನು ಚಿಕಿತ್ಸಾಲಯದಲ್ಲಿ ಮಲಗಿಸಿದರು. ಅವರ ಬದಲು ಅವರ ಅಕ್ಕ ಹೋಗುವುದೆಂದು ಮನೆಯವರು ಕೂತು ತೀರ್ಮಾನಿಸಿದರು. ಆ ಅಕ್ಕ ಬೇರೆ ಯಾರೂ ಅಲ್ಲ, ವಿಲ್ಮಾಳ ತಾಯಿ, ಡೆಸ್ಮಂಡನ ಸ್ವಂತ ಅತ್ತೆ. ಈ ತೀರ್ಮಾನ ಕೇರಿಯ ಮಕ್ಕಳುಮರಿಗೆಲ್ಲ ಗೊತ್ತಾಯಿತು, ಡೆಸ್ಮಂಡನೊಬ್ಬನನ್ನು ಬಿಟ್ಟು.

ಗೊತ್ತಾಗಿದ್ದರೆ ಅವನು ಯಂತ್ರ ಹತ್ತಿ ಕಡಲಿನತ್ತ ಓಡಿಬಿಡುತ್ತಿದ್ದ. ಏಕೆಂದರೆ ಅಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡುವುದಿಲ್ಲ, ಅವಳೊಡನೆ ಮಾತಾಡುವುದಿಲ್ಲ, ಹೆಸರೆತ್ತುವುದಿಲ್ಲ. ಅತ್ತೆಯೂ ಅಷ್ಟೆ. ಜಗಳ ಏನೂ ಇಲ್ಲ. ಅದಕ್ಕಿಂತ ದೊಡ್ಡ ಮರ್ಯಾದೆ ಆ ಜನರಲ್ಲಿ ಇನ್ನೊಂದಿಲ್ಲ. (ಇಂಥ ಏರ್ಪಾಡು ನಮ್ಮಲ್ಲೂ ಇದ್ದಿದ್ದರೆ ಎಂದು ಓದುಗರಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಅದು ಅವರವರ ಮನೆಯ ವಿಚಾರ.) ಡೆಸ್ಮಂಡನಿಗೆ ತನ್ನ ಅತ್ತೆ ಎಂದರೆ ಒಂದು ಕೆಮ್ಮು, ದೂರದಲ್ಲೊಂದು ಕಪ್ಪು ಕೊಡೆ, ಮತ್ತೆ ಎರಡು ಪಾದ. ಪ್ರತಿ ಶುಕ್ರವಾರ ಅವನು ಸೌದೆ ಸೀಳಿ ಅವಳ ಬೇಲಿಯ ಪಕ್ಕ ಒಟ್ಟಿ ಬರುತ್ತಿದ್ದ. ಶನಿವಾರ ಬೆಳಿಗ್ಗೆ ಬೇಲಿಯ ಗೂಟದ ಮೇಲೆ ಬೆಳ್ಳಿ ಕಾಗದದಲ್ಲಿ ಸುತ್ತಿದ ಸುಟ್ಟ ಮೀನು ಇರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಈ ಮಾತುಕತೆ ಒಂದು ವಾರವೂ ನಿಂತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಬಸ್ಸು ಬಂದು ನಿಂತಿತು. ಮೊದಲು ಇಳಿದವರು ಅಧಿಕಾರಿ ಬ್ರಯನಿ ಮೇಡಮ್. ದಕ್ಷಿಣದ ಚಳಿಯೂರಿನಿಂದ ವರ್ಗವಾಗಿ ಬಂದು ಎರಡೇ ತಿಂಗಳು. ಬಿಸಿಲಿಗೆಂದು ಮೂಗಿಗೆ ಬಿಳಿ ಮುಲಾಮು, ಕೈಯಲ್ಲಿ ಹನ್ನೆರಡು ಪ್ರಶ್ನೆಯ ನಮೂನೆ.

"ಹಿರಿಯರೂ ಇದೇ ಬಸ್ಸಲ್ಲಿ ಬಂದಿದಾರೆ. ನೀವು ಶುರು ಮಾಡಿ, ನಾನು ಇಲ್ಲ ಅಂದ್ಕೊಳಿ," ಎಂದರು.

ಡೆಸ್ಮಂಡ್ ಎದೆ ಉಬ್ಬಿಸಿ, ಟೋಪಿ ಸರಿಮಾಡಿಕೊಂಡು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ನಗುವನ್ನು ಮುಖದ ಮೇಲೆ ತಂದುಕೊಂಡು ಬಸ್ಸಿನ ಬಾಗಿಲಿಗೆ ಎದುರಾಗಿ ನಿಂತ. ಪ್ರವಾಸಿಗಳು ಎಂಟು ಮಂದಿ ಇಳಿದರು. ಆಮೇಲೆ ಸಾರ್ಜೆಂಟ್ ಇಳಿಯಿತು. ಅದರ ಹಿಂದೆ ಮೆಟ್ಟಿಲ ಮೇಲೆ ಎರಡು ನೇರಳೆ ಬಣ್ಣದ ಕ್ಯಾನ್ವಾಸ್ ಬೂಟು ಕಾಣಿಸಿತು. ಹೋದ ಕ್ರಿಸ್‌ಮಸ್‌ಗೆ ಅತ್ತೆಯ ಪಾದದ ಅಳತೆಯನ್ನು ಮಣ್ಣಿನ ಹೆಜ್ಜೆಯಲ್ಲೇ ನೋಡಿಕೊಂಡು, ವಿಲ್ಮಾಳ ಕೈಲಿ ಕಳಿಸಿದ್ದ ಬೂಟು. ಕಳಿಸಿದವನು ಡೆಸ್ಮಂಡನೇ.

ಅವನು ಗಿರಕ್ಕನೆ ತಿರುಗಿದ. ಎಷ್ಟು ಜೋರಾಗಿ ಎಂದರೆ ತಲೆ ಮೊದಲು ತಿರುಗಿ ಟೋಪಿ ಒಂದು ಗಳಿಗೆ ತಡವಾಗಿ ತಿರುಗಿತು. ಎದುರಿಗೆ ನೀರಿನ ತೊಟ್ಟಿ ಇತ್ತು. ಮೂರು ವಾರ ಬಾಯಿಪಾಠ ಮಾಡಿದ್ದ ಸ್ವಾಗತ ಭಾಷಣವನ್ನು ಅವನು ಆ ತೊಟ್ಟಿಗೆ ಒಪ್ಪಿಸಿದ.

ಪ್ರವಾಸಿಗಳು ತೊಟ್ಟಿಯನ್ನು ನೋಡಿದರು. ಒಬ್ಬ ಹೆಂಗಸು ಅದರ ಫೋಟೋ ತೆಗೆದುಕೊಂಡಳು. ನಿವೃತ್ತ ಮೂಳೆ ವೈದ್ಯ ನಾರ್ಮನ್ ಎಂಬುವರು ಕೈ ಎತ್ತಿದರು.

"ನಾವೂ ತಿರುಗಿ ನಿಂತ್ಕೋಬೇಕಾ?"

ಗಾಬರಿಯಲ್ಲಿ ಡೆಸ್ಮಂಡ್ "ಹೂಂ" ಎಂದುಬಿಟ್ಟ. ಎಂಟೂ ಜನ ಭಕ್ತಿಯಿಂದ ಅವನಿಗೆ ಬೆನ್ನು ಹಾಕಿ ನಿಂತರು. ಒಂದು ಕ್ಷಣ ಯೋಚಿಸಿ ಬ್ರಯನಿ ಮೇಡಮ್ಮೂ ತಿರುಗಿದರು. ಮೊದಲ ಪ್ರಶ್ನೆ 'ಗೈಡ್ ಅತಿಥಿಗಳ ಮುಖ ನೋಡಿ ಮಾತಾಡುತ್ತಾರೆಯೇ?' ಎಂದಿತ್ತು. ಅದಕ್ಕೆ ಏನು ಬರೆಯುವುದೆಂದು ಅವರಿಗೆ ತೋಚಲಿಲ್ಲ.

ನಡೆಯಲು ಶುರುಮಾಡಿದ ಮೇಲೆ ಡೆಸ್ಮಂಡನಿಗೆ ಜೀವ ಬಂತು. ಗೈಡ್ ಮುಂದೆ ಹೋಗುವವನು, ಬೆನ್ನು ಹಿಂದಿರುವುದು ಸಹಜ. ಅತ್ತೆಯೂ ಮರ್ಯಾದೆ ಬಲ್ಲವಳು, ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಮೂವತ್ತು ಹೆಜ್ಜೆ ಹಿಂದೆಯೇ ಉಳಿದಳು. ಎಲ್ಲ ಸುಸೂತ್ರವಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಬ್ರಯನಿ ಮೇಡಮ್ಮಿಗೆ ದಯೆ ಉಕ್ಕಿತು.

"ಅಜ್ಜಿ, ಅಷ್ಟು ಹಿಂದಿದ್ರೆ ನಿಮಗೆ ಏನೂ ಕೇಳ್ಸಲ್ಲ. ಬನ್ನಿ, ಮುಂದೆ ಬನ್ನಿ," ಎಂದು ಕೈಹಿಡಿದು ಕರೆತಂದರು.

ಬೂಟಿನ ಸದ್ದು ಹತ್ತಿರವಾದದ್ದೇ ಡೆಸ್ಮಂಡ್ ಬಿರುಸಾಗಿ ಹೆಜ್ಜೆ ಹಾಕಿದ. ಗೈಡ್ ದೂರ ಹೋದನೆಂದು ಮೇಡಮ್ ಅಜ್ಜಿಯನ್ನು ಇನ್ನೂ ಮುಂದಕ್ಕೆ ತಂದರು. ಇವನು ಇನ್ನೂ ಬಿರುಸಾಗಿ ನಡೆದ. ನಡುವೆ ಸಿಕ್ಕಿಕೊಂಡ ಎಂಟು ಮಂದಿ ಏದುಸಿರು ಬಿಡುತ್ತಾ ಓಡಿದರು. "ಎಡಕ್ಕೆ ಇರುವೆ ಗೂಡು, ಹಸಿರು ಇರುವೆ, ಹುಳಿಹುಳಿಯಾಗಿರುತ್ತೆ, ತಿನ್ನಬಹುದು," ಎಂದು ಡೆಸ್ಮಂಡ್ ಕೂಗಿದಾಗ ತಿನ್ನಲು ನಿಂತವರು ಯಾರೂ ಇರಲಿಲ್ಲ. ಎರಡು ಗಂಟೆಯ ದಾರಿಯ ಅರ್ಧ ಭಾಗ ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಯಿತು.

"ಇದು ಬೇಟೆ ನಡಿಗೆ ಇರ್ಬೇಕು," ಎಂದು ನಾರ್ಮನ್ ಬೆವರು ಒರೆಸಿಕೊಳ್ಳುತ್ತಾ ಹೆಂಡತಿಗೆ ವಿವರಿಸಿದರು.

ಕೇದಗೆ ಪೊದೆಯ ಹತ್ತಿರ ನಿಲ್ಲಲೇಬೇಕಾಯಿತು, ಏಕೆಂದರೆ ಮುಂದೆ ಹಳ್ಳ. ಡೆಸ್ಮಂಡ್ ಅತ್ತೆ ಇದ್ದ ಕಡೆಗೆ ಟೋಪಿಯ ಅಂಚನ್ನು ಕಿವಿಯವರೆಗೆ ಎಳೆದುಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿದ ಗಾಣದೆತ್ತಿನ ಹಾಗೆ ಪಕ್ಕಕ್ಕೆ ತಿರುಗಿ ನಿಂತು ಮಾತು ಶುರುಮಾಡಿದ. ಅಷ್ಟು ದಿನದಲ್ಲಿ ಟೋಪಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

"ಈ ಹೊರಗಿನ ಎಲೆ ಕೊಯ್ದು ಸೀಳಿ ಬುಟ್ಟಿ ಹೆಣೀತಾರೆ."

ಕೊಡೆಯ ಹಿಂದಿನಿಂದ ಒಂದು ಕೆಮ್ಮು ಬಂತು. ಆಮೇಲೆ ಮಾತು.

"ಸಾರ್ಜೆಂಟ್, ಅಳಿಯಂದಿರಿಗೆ ಹೇಳು. ಹೊರಗಿನ ಎಲೇಲಿ ಬುಟ್ಟಿ ಹೆಣೆದ್ರೆ ಕೈಯೆಲ್ಲ ಮುಳ್ಳು, ಬುಟ್ಟಿ ಎಲ್ಲಿಂದ ಬರುತ್ತೆ? ನಡುವಿನ ಎಳೇ ಎಲೆ ಎಳೀಬೇಕು."

ಸಾರ್ಜೆಂಟ್ ಬಾಲ ಅಲ್ಲಾಡಿಸಿತು. ಡೆಸ್ಮಂಡ್ ನಾಯಿಯ ಕಡೆ ಬಾಗಿ ಬಹಳ ಗೌರವದಿಂದ ಹೇಳಿದ.

"ಸಾರ್ಜೆಂಟ್, ತಪ್ಪಾಯ್ತು ಅಂತ ಹೇಳು. ನಡುವಿನ ಎಲೆ."

ಪ್ರವಾಸಿಗಳು ನಾಯಿಯನ್ನು ಹೊಸ ಕಣ್ಣಿನಿಂದ ನೋಡಿದರು. 'ನಾಯಿಗೂ ಕಚೇರಿಯ ಅನುಮತಿ ಇದೆಯೇ ವಿಚಾರಿಸುವುದು' ಎಂದು ಬ್ರಯನಿ ಮೇಡಮ್ ನಮೂನೆಯ ಅಂಚಿನಲ್ಲಿ ಬರೆದುಕೊಂಡರು.

ದೊಡ್ಡ ಪೇಚಾಟ ಆದದ್ದು ಬಂಡೆಯ ಚಿತ್ರಗಳ ಬಳಿ. ಮೇಲೆ ಚಾಚಿಕೊಂಡ ಬಂಡೆ, ಒಳಗೆ ಗುಹೆಯಂಥ ಜಾಗ, ಹೋಗಿಬರಲು ಒಂದೇ ಸಂದಿ. ಡೆಸ್ಮಂಡ್ ಒಳಗೆ ಹೋಗಿಯಾಗಿತ್ತು. ಬ್ರಯನಿ ಮೇಡಮ್ ಅಜ್ಜಿಯನ್ನು ಉಪಚಾರ ಮಾಡಿ ತಂದು ಸಂದಿಯಲ್ಲೇ ನಿಲ್ಲಿಸಿದರು, ನೆರಳಿದೆ ಎಂದು. ಈಗ ಓಡಲು ದಾರಿಯಿಲ್ಲ. ಡೆಸ್ಮಂಡ್ ಮೂಗು ತಾಗುವಷ್ಟು ಹತ್ತಿರದಲ್ಲಿ ಬಂಡೆಗೆ ಮುಖ ಮಾಡಿ ನಿಂತ.

"ಕತ್ತು ನೋವಾ ನಿಮಗೆ?" ಎಂದು ಮೇಡಮ್ ಕೇಳಿದರು.

ನಿಜ ಹೇಳಬೇಕೆಂದರೆ ಅತ್ತೆಯ ವಿಷಯ ಎತ್ತಬೇಕು. ಅತ್ತೆಯ ಕಿವಿಗೆ ಬೀಳುವ ಹಾಗೆ ಅತ್ತೆಯ ವಿಷಯ ಎತ್ತುವುದು ಹೇಗೆ? "ಸ್ವಲ್ಪ," ಎಂದ.

ನಿವೃತ್ತಿಯಾದ ಮೇಲೆ ಒಂದು ಕತ್ತೂ ಸಿಕ್ಕದೆ ಕಂಗಾಲಾಗಿದ್ದ ನಾರ್ಮನ್ ನುಗ್ಗಿ ಬಂದರು. ಡೆಸ್ಮಂಡನ ಟೋಪಿ ತೆಗೆದು ತಮ್ಮ ಹೆಂಡತಿಯ ಕೈಗೆ ಕೊಟ್ಟು, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಳೇ ನಲ್ಲಿ ತಿರುಗಿಸುವಂತೆ ನಿಧಾನವಾಗಿ ತಿರುಗಿಸತೊಡಗಿದರು, ಸರಿಯಾಗಿ ಸಂದಿಯ ಕಡೆಗೇ.

"ಬಿಡಿ ಸ್ವಾಮಿ."

"ಹೆದರ್ಬೇಡಿ, ಬಿಗಿ ಹಿಡಿದಿದೆ. ಕಣ್ಯಾಕೆ ಮುಚ್ಕೊಂಡ್ರಿ? ಕಣ್ಣು ಬಿಡಿ."

"ಬಿಡಲ್ಲ."

"ನರ ಸಡಿಲ ಆಗ್ಬೇಕು ಅಂದ್ರೆ ಬಿಡ್ಬೇಕು."

"ತಲೆ ಬೇಕಾದ್ರೆ ತಗೊಂಡ್ಹೋಗಿ, ಕಣ್ಣು ಬಿಡಲ್ಲ."

"ಸಾರ್ಜೆಂಟ್," ಎಂದು ಕೊಡೆ ಮಾತಾಡಿತು, "ಆ ಯಜಮಾನರಿಗೆ ಹೇಳು. ಅಳಿಯಂದಿರ ಕತ್ತಿಗೇನೂ ಆಗಿಲ್ಲ. ನನ್ನ ಮಗಳನ್ನ ಕೊಟ್ಟಿರೋದು ಅವರಿಗೇ. ಅಳಿಯ ಅತ್ತೆ ಮುಖ ನೋಡ್ಬಾರ್ದು. ಕತ್ತು ಮುರಿದ್ರೂ ಅವರು ನೋಡಲ್ಲ, ನನಗೆ ಗೊತ್ತು. ಬಿಟ್ಬಿಡಿ ಅನ್ನು."

ನಾರ್ಮನ್ ಕತ್ತನ್ನು ಒಡೆಯನಿಗೆ ಹಿಂತಿರುಗಿಸಿದರು. ಬ್ರಯನಿ ಮೇಡಮ್ಮಿನ ಬಿಳಿ ಮೂಗನ್ನು ಬಿಟ್ಟು ಉಳಿದ ಮುಖವೆಲ್ಲ ಕೆಂಪಾಯಿತು.

"ಅಯ್ಯೋ ದೇವರೇ, ನಾನು ದಾರಿಯುದ್ದಕ್ಕೂ ಇವರನ್ನ ಎಳ್ಕೊಂಡು ಬಂದೆನಲ್ಲ," ಎಂದು ಅಜ್ಜಿಯ ಕೈ ಬಿಟ್ಟು ತಾವೇ ಮೂವತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಂತರು. ಅವರು ಹೋಗಬೇಕಾದ ಅಗತ್ಯವೇನೂ ಇರಲಿಲ್ಲ.

ಡೆಸ್ಮಂಡ್ ಚಿತ್ರಗಳ ಕಡೆ ಕೈ ತೋರಿಸಿದ. ಬಾಯಿಪಾಠ ಮಾಡಿದ್ದ ಮಾತು 'ಸಾವಿರಾರು ವರ್ಷದ ಹಿಂದೆ ನಮ್ಮ ಹಿರಿಯರು' ಎಂದು ಶುರುವಾಗುತ್ತಿತ್ತು. 'ನಮ್ಮ' ಎಂಬುದು ಬಾಯಿಂದ ಹೊರಡಲಿಲ್ಲ. ಆ ಹಿರಿಯರ ಮೊಮ್ಮಗಳು ಹತ್ತು ಹೆಜ್ಜೆ ಆಚೆ ನಿಂತಿದ್ದಳು.

"ಈ ಸೀಮೆಯವರ ಹಿರಿಯರು ಬರೆದದ್ದು," ಎಂದ. "ನಾನು ಕಡಲ ಕಡೆಯವನು. ಇಲ್ಲಿಗೆ ಬಂದು ಸೇರಿದೋನು."

ಕೊನೆಯ ನಿಲುಗಡೆ ನೀರಿನ ಮಡು. ಹೊಸಬರು ಯಾರೇ ಬಂದರೂ ಅಲ್ಲಿ ಸೀಮೆಗೆ ಪರಿಚಯ ಮಾಡಿಸಬೇಕು. ಸೀಮೆಯವರೊಬ್ಬರು ತಮ್ಮ ಕಂಕುಳ ಬೆವರನ್ನು ಅಂಗೈಗೆ ಒರೆಸಿಕೊಂಡು, ಮಡುವಿನಲ್ಲಿ ಅದ್ದಿ, ಹೊಸಬರ ತಲೆಗೆ ಸವರಿ, ಇಂಥವರು ಬಂದಿದ್ದಾರೆ ಎಂದು ಗತಿಸಿಹೋದ ಹಳಬರಿಗೆ ಕೂಗಿ ಹೇಳಬೇಕು. ಸೀಮೆ ವಾಸನೆ ಹಿಡಿದು ಗುರುತಿಸುತ್ತದೆ, ಆಮೇಲೆ ಯಾರಿಗೂ ಕೇಡು ಬಗೆಯುವುದಿಲ್ಲ. "ನೀನೇ ಮಾಡು, ನಾನು ಹೇಳಿದೀನಿ," ಎಂದಿದ್ದರು ರೂಪರ್ಟ್ ಮಾವ. ಈ ಗಳಿಗೆಗಾಗಿಯೇ ಡೆಸ್ಮಂಡ್ ಎರಡು ದಿನ ಸ್ನಾನ ಮಾಡಿರಲಿಲ್ಲ.

ಎಂಟು ತಲೆ ಬಾಗಿ ಸಾಲಾಗಿ ನಿಂತವು. ಒಂಬತ್ತನೆಯದು ಬ್ರಯನಿ ಮೇಡಮ್ಮಿನದು. ಡೆಸ್ಮಂಡ್ ಕೈಯನ್ನು ಕಂಕುಳ ತನಕ ತಂದ. ಅಲ್ಲೇ ನಿಲ್ಲಿಸಿದ. ಆ ಬೆವರಿಗೆ ಉಪ್ಪುನೀರಿನ ವಾಸನೆ. ಇದು ಯಾರು ಎಂದು ಸೀಮೆ ಕೇಳಿದರೆ ಅವನಲ್ಲಿ ಉತ್ತರ ಇರಲಿಲ್ಲ. ಮಾಡಿಬಿಟ್ಟಿದ್ದರೆ ನಮೂನೆ ತುಂಬುತ್ತಿತ್ತು, ಕೆಲಸ ಕೈಗೆ ಬರುತ್ತಿತ್ತು.

"ಸಾರ್ಜೆಂಟ್," ಎಂದ, ಕೈ ಕೆಳಗಿಳಿಸಿ. "ಅವರಿಗೆ ಹೇಳು. ಇದು ನನ್ನ ಕೈಯಿಂದ ಮಾಡೋ ಕೆಲಸ ಅಲ್ಲ. ಸೀಮೆಯವರು ಇಲ್ಲೇ ಇರುವಾಗ ನಾನು ಕೂಗಿದ್ರೆ ಚೆನ್ನಾಗಿರಲ್ಲ. ಅವರೇ ಮಾಡ್ಬೇಕು ಅಂತ ಕೇಳ್ಕೊಂಡೆ ಅನ್ನು."

ಹೀಗೆಂದು ದೂರ ಹೋಗಿ, ಮರದ ಹಿಂದೆ, ಬೆನ್ನು ಹಾಕಿ ನಿಂತ. ಅತ್ತೆ ಕೊಡೆ ಮಡಿಸಿದಳು. ಒಬ್ಬೊಬ್ಬರ ತಲೆಯನ್ನೂ ತೊಯ್ಯಿಸಿ, ಬಂಡೆಗಳಿಗೆ ಕೇಳುವ ಹಾಗೆ ತನ್ನ ಮಾತಿನಲ್ಲಿ ಕೂಗಿದಳು. ಎಂಬತ್ತರ ಹತ್ತಿರದ ಹೆಂಗಸಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಡೆಸ್ಮಂಡನಿಗೆ ಗೊತ್ತಿರಲಿಲ್ಲ. ಕೂಗು ಮುಗಿದಾಗ ಅವಳದನ್ನು ಬಿಟ್ಟರೆ ಆ ಮಡುವಿನ ಸುತ್ತ ಒದ್ದೆಯಾಗದ ತಲೆ ಒಂದೇ ಒಂದಿತ್ತು, ಅದು ಗೈಡನದು. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ತೊಯ್ಯಿಸಲು ಯಾರಿಗೂ ತೋಚಿರಲಿಲ್ಲ.

ಬ್ರಯನಿ ಮೇಡಮ್ ನೀರು ಸೋರುವ ಕೂದಲಲ್ಲೇ ನಮೂನೆ ಹಿಡಿದು ಬಂದರು. ಕೊನೆಯ ಪ್ರಶ್ನೆ ಹಿರಿಯರ ಮಾತು. "ಅಜ್ಜಿ, ಇವರು ನಡಿಗೆ ಮಾಡಿಸಬಹುದಾ?"

ಅತ್ತೆ ನಾಯಿಯನ್ನು ನೋಡಿದಳು.

"ಸಾರ್ಜೆಂಟ್, ನಾಳೆ ಹೇಳ್ತೀನಿ ಅಂತ ಹೇಳು. ಆಮೇಲೆ ಆ ಟೋಪಿ. ಅಂಗಡಿ ವಾಸನೆ ಹೊಡೀತಿದೆ. ಅದು ಯಾರು ಅಂತ ನನ್ನ ಸೀಮೆಗೆ ಗೊತ್ತಿಲ್ಲ."

ಅಂದು ಸಂಜೆ ಡೆಸ್ಮಂಡ್ ಊಟಕ್ಕೆ ಕೂರಲಿಲ್ಲ. "ನನಗೆ ಯಂತ್ರಾನೇ ಸರಿ ವಿಲ್ಮಾ. ಅದಕ್ಕೆ ಯಾರ ಪರಿಚಯಾನೂ ಬೇಡ. ಅವರು ಬರ್ತಾರೆ ಅಂತ ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಹೋಗ್ತಿದ್ಯಾ?"

ಅವನು ಹೊರಗೆ ಹೋಗಿ, ಶುಕ್ರವಾರ ಅಲ್ಲದಿದ್ದರೂ ಒಂದು ಹೊರೆ ಸೌದೆ ಸೀಳಿದ. ಅತ್ತೆಯ ಬೇಲಿಯ ಪಕ್ಕ ಒಟ್ಟಿದ. ಮೊಸಳೆ ಹಲ್ಲಿನ ಟೋಪಿಯನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ, ತಪ್ಪೊಪ್ಪಿಕೊಂಡವನಂತೆ ಬರಿತಲೆಯಲ್ಲಿ ಮನೆಗೆ ಬಂದ.

ಬುಧವಾರ ಬೆಳಿಗ್ಗೆ ಹೋಗಿ ನೋಡಿದರೆ ಆ ಟೋಪಿ ಇರಲಿಲ್ಲ. ಗೂಟದ ಮೇಲೆ ಬೆಳ್ಳಿ ಕಾಗದದ ಮೀನು ಇತ್ತು. ಅದರ ಪಕ್ಕದ ಗೂಟಕ್ಕೆ ಇನ್ನೊಂದು ಟೋಪಿ ತೂಗುತ್ತಿತ್ತು. ಅಂಚು ಹರಿದು, ಬಣ್ಣ ಯಾವುದೆಂದು ಹೇಳಲಾಗದಷ್ಟು ಮಾಸಿ, ಒಳಪಟ್ಟಿ ಬೆವರಿನಿಂದ ಕರ್ರಗಾದ ಟೋಪಿ. ರೂಪರ್ಟ್ ಮಾವ ಮೂವತ್ತು ವರ್ಷ ತಲೆಯಿಂದ ಇಳಿಸದ ಟೋಪಿ. ಅದು ಒದ್ದೆಯಾಗಿತ್ತು.

ಡೆಸ್ಮಂಡ್ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದ. ಹಿಂದೆಯೇ ಬಂದಿದ್ದ ವಿಲ್ಮಾ ಮೂಗು ಮುಚ್ಚಿಕೊಂಡಳು.

"ನಿನ್ನೆ ರಾತ್ರಿ ಅಮ್ಮ ಚಿಕಿತ್ಸಾಲಯಕ್ಕೆ ಹೋಗಿ ಮಾವನ ತಲೆಯಿಂದ ಇದನ್ನ ಕಿತ್ಕೊಂಡ್ಲಂತೆ. ನಿನ್ನ ಟೋಪಿ ಅವರಿಗೆ ಹಾಕಿ ಬಂದಿದಾಳೆ. ಬಾಯಲ್ಲಿ ಒಂದು ಹಲ್ಲಿಲ್ಲ, ತಲೆ ಸುತ್ತ ಅಷ್ಟೊಂದು. ನರ್ಸುಗಳೆಲ್ಲ ಬಂದು ನೋಡ್ಕೊಂಡು ಹೋಗ್ತಿದಾರೆ."

"ಇದು ಯಾಕೆ ಒದ್ದೆ?"

"ಬೆಳಗಾಗ್ತಿದ್ದ ಹಾಗೆ ಮಡುವಿನ ಹತ್ರ ಹೋದ್ಲು. ಕ್ಲೆಮ್ ಕೊಡೆ ಹಿಡ್ಕೊಂಡು ಜೊತೇಲಿದ್ದ. ಟೋಪೀನ ನೀರಲ್ಲಿ ಅದ್ದಿ ಅರ್ಧ ಗಂಟೆ ಕೂಗಿದ್ಲಂತೆ. ನಿನ್ನ ಹೆಸರು ಅವಳು ಹೇಳೋ ಹಾಗಿಲ್ಲವಲ್ಲ. 'ಸೌದೆಯವನು' ಅಂದ್ಲಂತೆ. 'ಇವನು ನನ್ನ ಸೌದೆಯವನು. ಇಪ್ಪತ್ತೆರಡು ವರ್ಷ ನನ್ನ ಒಲೆ ಆರೋಕೆ ಬಿಟ್ಟಿಲ್ಲ. ನನ್ನ ಹೆಜ್ಜೆ ನೋಡಿ ಬೂಟು ತಂದೋನು. ನಿಮ್ಮ ನೀರಿಗೆ ತಾನಾಗಿ ಕೈಹಾಕದೆ ನನ್ನ ಕೇಳಿದೋನು. ನಮ್ಮವನು, ನೋಡ್ಕೊಳಿ' ಅಂತ."

ಡೆಸ್ಮಂಡ್ ಟೋಪಿ ಹಾಕಿಕೊಂಡ. ಅದು ಕಿವಿಯವರೆಗೆ ಇಳಿಯಿತು. ಮೂವತ್ತು ವರ್ಷದ ನಾತ, ದೇವರೇ ಕಾಪಾಡಬೇಕು. ಮಡುವಿನ ನೀರು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಇಳಿಯತೊಡಗಿತು.

"ಅಳ್ತಿದೀಯಾ?"

"ಟೋಪಿ ಒದ್ದೆ ಇದೆ."

"ಟೋಪಿ ಒದ್ದೆ ಇದೆ, ಸರಿ. ಮೂಗ್ಯಾಕೆ ಸುರೀತಿದೆ?"

ಬೇಲಿಯಾಚೆ, ಮನೆಯ ಗೋಡೆಯ ಮರೆಯಿಂದ ಒಂದು ಕೆಮ್ಮು ಕೇಳಿಸಿತು. ಡೆಸ್ಮಂಡ್ ತಕ್ಷಣ ಬೆನ್ನು ತಿರುಗಿಸಿದ. ಅಂಗಳದಲ್ಲಿ ಮಲಗಿದ್ದ ಸಾರ್ಜೆಂಟ್ ಕೆಲಸ ಬಂತೆಂದು ಎದ್ದು ಕೂತಿತು.

"ಸಾರ್ಜೆಂಟ್, ಬಸ್ಸು ಬರೋ ಹೊತ್ತಾಯ್ತು ಅಂತ ಹೇಳು. ಇವತ್ತು ಆ ಜನಾನ ಓಡಿಸ್ಬಾರ್ದು ಅಂತಾನೂ ಹೇಳು, ಪಾಪ, ವಯಸ್ಸಾದೋರು."

"ಸಾರ್ಜೆಂಟ್," ಎಂದ ಡೆಸ್ಮಂಡ್, ಮೂಗು ಒರೆಸಿಕೊಂಡು, "ನಿಧಾನಕ್ಕೆ ಕರ್ಕೊಂಡ್ಹೋಗ್ತೀನಿ ಅಂತ ಹೇಳು. ನಮ್ಮ ಸೀಮೆ ನೋಡೋಕೆ ಬಂದಿದಾರೆ, ಚೆನ್ನಾಗಿ ತೋರಿಸ್ತೀನಿ ಅನ್ನು."